ತುಟಿ ತಾಗದ ಗ್ಲಾಸು

ದೇಸಾಯಿ ಕಾಕಾ ಗ್ಲಾಸಿಗೆ ತುಟಿ ತಾಗಿಸಿದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಮಿಕ್ಕಂತೆ ನೀರಾಗಲಿ, ಮಜ್ಜಿಗೆಯಾಗಲಿ, ಹಬೆಯಾಡುವ ಚಹಾ ಆಗಲಿ, ಕತ್ತು ಹಿಂದಕ್ಕೆ ಚೆಲ್ಲಿ, ಲೋಟವನ್ನು ಹಣೆಯ ಮಟ್ಟಕ್ಕೆ ಎತ್ತಿ, ಸಣ್ಣ ಧಾರೆಯೊಂದನ್ನು ಬಾಯಿಗೆ ಬಿಟ್ಟುಕೊಳ್ಳುವುದೇ ಅವರ ರೂಢಿ. ಒಂದು ಹನಿ ಆಚೀಚೆ ಬೀಳುತ್ತಿರಲಿಲ್ಲ. ಬೆಂಗಳೂರಿನ ನಮ್ಮಜ್ಜಿಯೂ ಹಾಗೆಯೇ ಕುಡಿಯುತ್ತಿದ್ದರು, ಹಾಗಾಗಿ ನನಗೆ ಅದರಲ್ಲಿ ವಿಶೇಷವೇನೂ ಕಾಣಬೇಕಾಗಿರಲಿಲ್ಲ. ಆದರೆ ಲಂಡನ್ನಿನ ಕೆಂಟನ್‌ನಲ್ಲಿ, ಕಾರಿಲ್ಲದ ಗರಾಜಿನಲ್ಲಿ, ಸ್ವೆಟರಿನ ಮೇಲೆ ಮಫ್ಲರ್ ಸುತ್ತಿಕೊಂಡು ನಿಂತ ಹಿರಿಯ ಡಾಕ್ಟರೊಬ್ಬರು ಇಂಗ್ಲೆಂಡಿನ ಗುಳ್ಳೆ ವೈನನ್ನು ಹಾಗೆ ಮೇಲಿನಿಂದ ಹೊಯ್ದುಕೊಂಡು, ಬಾಯಲ್ಲಿ ಆಡಿಸಿ, ತಾತನ ಕಾಲದ ಹಿತ್ತಾಳೆ ಪೀಕದಾನಿಗೆ ಉಗುಳುವುದನ್ನು ಮೊದಲ ಸಲ ಕಂಡಾಗ, ಇವರ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದು ತಪ್ಪು ಮಾಡಿದೆವೇನೋ ಎಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗಂಡ ಸತೀಶನೂ ಕಂಪ್ಯೂಟರ್ ಕೆಲಸಕ್ಕೆಂದು ಲಂಡನ್ನಿಗೆ ಬಂದೆವು. ಸೂಟ್‌ಕೇಸ್ ಒಳಗಿಡುವ ಮೊದಲೇ ಬೇಲಿಯ ಆ ಕಡೆಯಿಂದ ಒಂದು ಹೆಣ್ಣುದನಿ, "ಕನ್ನಡದವರೇನವಾ? ಅಕ್ಕಿ ಅದಾವೋ ಇಲ್ಲೋ ಮನ್ಯಾಗ?" ಎಂದು ಕೇಳಿತು. ಅದು ಕುಸುಮಾ ಕಾಕೂ, ದೇಸಾಯಿ ಕಾಕಾನ ಹೆಂಡತಿ. ಇಬ್ಬರೂ ಧಾರವಾಡದವರು. ಮಗ ಲೀಡ್ಸ್‌ನಲ್ಲಿದ್ದ, ಫೋನಿನಲ್ಲಿ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಆ ಸಂಜೆಯ ಊಟ ಅವರ ಮನೆಯಲ್ಲೇ ಆಯಿತು. ಆಮೇಲೆ ಎಷ್ಟೋ ಶನಿವಾರಗಳ ಊಟವೂ ಅಲ್ಲೇ.

ಕಾಕಾ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. "ಜನರಿಗೆ ಗ್ಯಾಸ ಬಿಡೂದs ನನ್ನ ಹೊಟ್ಟಿಪಾಡು" ಎಂದು ತಮ್ಮನ್ನು ಪರಿಚಯಿಸಿಕೊಳ್ಳುತ್ತಿದ್ದರು. ಕುಳ್ಳಗಿನ ಆಳು, ದೊಡ್ಡ ಮೂಗು. ಆ ಮೂಗಿನ ಬಗ್ಗೆ ಅವರಿಗೆ ಜಂಬ ಬಹಳ, ಇದ್ದರೂ ತಪ್ಪಿರಲಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ನಿಂತೇ, "ಮಾಲೂ, ನಿನ್ನ ಸಾರಿಗೆ ಹಿಂಗು ಬಿದ್ದಿಲ್ಲ" ಎನ್ನುವರು. ಹೋಗಿ ನೋಡಿದರೆ ನಿಜವಾಗಿಯೂ ಮರೆತಿರುತ್ತಿದ್ದೆ. ಹತ್ತಿರದ ಕ್ವೀನ್ಸ್‌ಬರಿಯ ಅಂಗಡಿಗಳಲ್ಲಿ ಹಿಂಗಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ ಬಯ್ಯಿಸಿಕೊಂಡದ್ದು ಎಷ್ಟು ಸಲವೋ. ಕೊಳ್ಳದೆ ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತು, "ಬರೇ ಮೈದಾ ಹಿಟ್ಟು" ಎಂದು ಗಟ್ಟಿಯಾಗಿ ತೀರ್ಪು ಕೊಡುತ್ತಿದ್ದರು. ಜೊತೆಗಿದ್ದವರಿಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಇಂಥವರಿಗೆ ಕುಡಿಯುವ ಹಾಗಿರಲಿಲ್ಲ. ವಿಲಾಯಿತಿಗೆ ಹೊರಟಾಗ ಅವರ ಅವ್ವ ಮಾತು ತೆಗೆದುಕೊಂಡಿದ್ದರಂತೆ. "ಶೆರೆ ಗಂಟಲಾಗ ಇಳಿಸಂಗಿಲ್ಲ ಅಂತ ಹೇಳಿಬಂದೀನಿ" ಎಂದು ಕಾಕಾ ಹೇಳುತ್ತಿದ್ದರು. ಆಸ್ಪತ್ರೆಯ ಕ್ರಿಸ್‌ಮಸ್ ಪಾರ್ಟಿಗಳಲ್ಲಿ ವರ್ಷಗಟ್ಟಲೆ ಕಿತ್ತಳೆ ರಸ ಹಿಡಿದು ನಿಂತು, ಪಕ್ಕದವರ ಗ್ಲಾಸಿನಿಂದ ಬರುವ ವಾಸನೆಯನ್ನು ಕಳ್ಳನಂತೆ ಹೀರಿಕೊಂಡರಂತೆ. ಒಮ್ಮೆ ಆಪರೇಷನ್ ಥಿಯೇಟರಿನ ನರ್ಸೊಬ್ಬಳು, ವೈನ್ ರುಚಿ ನೋಡುವುದನ್ನು ಕಲಿಸುವ ಸಂಜೆ ತರಗತಿಗಳಿವೆ, ಅಲ್ಲಿ ಯಾರೂ ನುಂಗುವುದಿಲ್ಲ, ಎಲ್ಲರೂ ಉಗುಳುತ್ತಾರೆ ಎಂದಳು. ಕಾಕಾ ಮರುದಿನವೇ ಹೆಸರು ಬರೆಸಿದರು. "ಗಂಟಲಾಗ ಇಳಿಸಬ್ಯಾಡ ಅಂದಾಳ ಅವ್ವ. ಬಾಯಾಗ ಇಟ್ಕೋಬ್ಯಾಡ ಅಂತ ಅಂದಿಲ್ಲ" ಎನ್ನುವುದು ಅವರ ವಾದ.

"ಉಗುಳೂದು ಕಲೀಲಿಕ್ಕೆ ಕ್ಲಾಸಿಗೆ ಹೋಗ್ತಾರ ನೋಡವಾ ಇವರು. ನಮ್ಮ ಅಜ್ಜ ಎಲಿ ಅಡಿಕಿ ಹಾಕ್ಕೊಂಡು ಫುಕಟ ಕಲಿಸ್ತಿದ್ದ" ಎಂದು ಕಾಕೂ ನನ್ನೆದುರು ನಗುತ್ತಿದ್ದರು.

ಆ ತರಗತಿಯ ಮೊದಲ ದಿನದ ಕಥೆಯನ್ನು ಕಾಕಾನೇ ಎಲ್ಲರಿಗೂ ಹೇಳುತ್ತಿದ್ದರು. ಮೇಷ್ಟ್ರು ಉದ್ದನೆಯ ಗ್ಲಾಸಿಗೆ ಗುಳ್ಳೆ ವೈನು ಹಾಕಿಕೊಟ್ಟರಂತೆ. ಇವರು ಅಭ್ಯಾಸದಂತೆ ಕತ್ತೆತ್ತಿ, ಗ್ಲಾಸೆತ್ತಿ ಹೊಯ್ದುಕೊಂಡರು. ನೊರೆ ನೆತ್ತಿಗೇರಿತು. ಅಷ್ಟನ್ನೂ ಮೇಷ್ಟ್ರ ಬಿಳಿ ಅಂಗಿಯ ಮೇಲೆ ಸೀನಿದರು. "ಗ್ಯಾಸಿನ ಡಾಕ್ಟರಗ ಗ್ಯಾಸs ಕೈಕೊಡ್ತು ನೋಡು" ಎಂದು ಹೇಳಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ಹಾಗಂತ ಗ್ಲಾಸಿಗೆ ತುಟಿ ಕೊಡಲಿಲ್ಲ. ಎಂಜಲು, ಮಡಿ ಎಂಬ ನಂಬಿಕೆ ಅವರಿಗೆ ಅಷ್ಟಾಗಿ ಇರಲಿಲ್ಲ, ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವವರಿಗೆ ಎಲ್ಲಿಯ ಮಡಿ? ಅದು ಮೈಗೆ ಹತ್ತಿದ ನಡೆ, ಅಷ್ಟೆ. ಗುಳ್ಳೆಯನ್ನು ಪಳಗಿಸುವುದನ್ನು ಕಲಿತರು. ಗ್ಲಾಸನ್ನು ಸ್ವಲ್ಪವೇ ಬಾಗಿಸಿ, ಧಾರೆಯನ್ನು ಇನ್ನೂ ಸಣ್ಣಗೆ ಮಾಡಿ, ನಾಲಿಗೆಯ ಮೇಲಲ್ಲದೆ ಕೆನ್ನೆಯ ಒಳಬದಿಗೆ ಬಿಟ್ಟುಕೊಳ್ಳುವುದು. ಹಾಗೆ ಮಾಡಿದರೆ ಅರ್ಧ ಗುಳ್ಳೆ ದಾರಿಯಲ್ಲೇ ಒಡೆದುಹೋಗುತ್ತದೆ ಎಂದು ಮೇಷ್ಟ್ರು ಹಲುಬಿದರೆ, ಇವರು, "ಹೋಗಲಿ ಬಿಡ್ರಿ. ಗುಳ್ಳಿ ಹೋದಮ್ಯಾಲೆ ಏನ ಉಳೀತದಲ್ಲ, ಅದs ವೈನು" ಎಂದರಂತೆ, ಇಂಗ್ಲಿಷಿನಲ್ಲಿ.

ಅವರ ಬೇಲಿಯ ಇನ್ನೊಂದು ಬದಿಯಲ್ಲಿ ಡೆನಿಸ್ ಇದ್ದ. ರೈಲಿನ ಸಿಗ್ನಲ್ ಕೆಲಸದಿಂದ ನಿವೃತ್ತನಾದ ಆರಡಿ ಇಂಗ್ಲಿಷ್ ಮನುಷ್ಯ. ಹಿಂದೆ ಅವನಿಗೆ ಹರ್ನಿಯಾ ಆಪರೇಷನ್ ಆದಾಗ ಅರಿವಳಿಕೆ ಕೊಟ್ಟವರು ಕಾಕಾ. "ನನ್ನನ್ನು ಮಲಗಿಸಿದ, ಮರೆಯದೆ ಎಬ್ಬಿಸಿದ. ಇನ್ಯಾರನ್ನು ನಂಬಲಿ?" ಎನ್ನುತ್ತಿದ್ದ. ಡೆನಿಸ್ ಮತ್ತು ಅವನ ತಮ್ಮ ಲಂಡನ್ನಿನ ಆಚೆಗಿನ ಕೆಂಟ್ ಸೀಮೆಯ ಒಂದು ಸುಣ್ಣಕಲ್ಲಿನ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆಸಿ, ಬಾಟಲಿಯೊಳಗೇ ಎರಡನೆಯ ಸಲ ಹುದುಗು ಬರಿಸಿ, ಗುಳ್ಳೆ ವೈನು ಮಾಡತೊಡಗಿದ್ದರು. ಆಗ ಜನ ಅದನ್ನು ಕೇಳಿ ನಗುತ್ತಿದ್ದ ಕಾಲ, ಇಂಗ್ಲೆಂಡಿನಲ್ಲಿ ದ್ರಾಕ್ಷಿಯೇ ಎಂದು. ನಾನು ಒಮ್ಮೆ ಬಾಯಿತಪ್ಪಿ ಷಾಂಪೇನ್ ಎಂದುಬಿಟ್ಟೆ. ಷಾಂಪೇನ್ ಅಂದರೆ ಫ್ರಾನ್ಸಿನ ಆ ಸೀಮೆಯದು ಮಾತ್ರ ಎಂದು ಡೆನಿಸ್ ತಿದ್ದಿದ. ಕಾಕಾನಿಗೆ ಇದು ಬಹಳ ಒಪ್ಪಿಗೆಯಾಯಿತು. "ಖರೇ ಮಾತು. ಪೇಡೆ ಅಂದ್ರ ಧಾರವಾಡದ್ದು. ಬ್ಯಾರೆ ಕಡೆ ಮಾಡಿದ್ರ ಅದಕ್ಕ ಹಾಲಿನ ಉಂಡಿ ಅನಬೇಕು" ಎಂದರು.

ಪ್ರತಿ ವರ್ಷ ವಸಂತದಲ್ಲಿ ಹೊಸ ವೈನನ್ನು ಹೊರಗೆ ಬಿಡುವ ಮುಂಚೆ ಡೆನಿಸ್ ಮೊದಲು ಕಾಕಾನ ಬಳಿ ತರುತ್ತಿದ್ದ. "ಹೊಗಳಬೇಡ ಡಾಕ್, ನಿಜ ಹೇಳು. ಇದರ ಜೊತೆ ಏನು ತಿನ್ನಬೇಕು ಅದನ್ನೂ ಹೇಳು" ಎನ್ನುವುದು ಅವನ ಬೇಡಿಕೆ. ಕಾಕೂ ವೈನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ, ಅಡುಗೆಮನೆಯ ಮೂಲೆಯಲ್ಲೇ ದೇವರ ಗೂಡಿತ್ತು. ಹಾಗಾಗಿ ಎಲ್ಲವೂ ಗರಾಜಿನಲ್ಲಿ. ಅಡುಗೆಮನೆಗೂ ಗರಾಜಿಗೂ ನಡುವೆ ಒಂದು ಬಾಗಿಲು. ಆ ಕಡೆಯಿಂದ ತಿನಿಸು ಬರುತ್ತಿತ್ತು, ಈ ಕಡೆಯಿಂದ ಏನೂ ಹೋಗುತ್ತಿರಲಿಲ್ಲ. ಹೊಸ್ತಿಲು ದಾಟಿ ಕಾಕೂ ಬರುತ್ತಿರಲಿಲ್ಲ.

ಲೇಬಲ್ಲಿನ ಮೇಲೆ ಡೆನಿಸನ ಹೆಸರು ಅಚ್ಚಾದ ಮೊದಲ ಬಾಟಲಿ ಬಂದ ದಿನ ನಡೆದದ್ದನ್ನು ಹೇಳಲೇಬೇಕು. ಹೆಸರು ಹೊತ್ತ ಮೊದಲ ಬಾಟಲಿ ಅಂದರೆ ಶುಭಕಾರ್ಯ, ಬಾಯಿ ಸಿಹಿ ಮಾಡದೆ ಹೇಗೆ ಎಂದು ಕಾಕೂ ಊರಿಂದ ಬಂದಿದ್ದ ಪೇಡೆಯ ಡಬ್ಬಿಯನ್ನು ಹೊಸ್ತಿಲಿಗೆ ತಂದರು. ಡೆನಿಸ್ ಒಂದು ತಿಂದ, ಚೆನ್ನಾಗಿದೆಯೆಂದು ಇನ್ನೊಂದು ತಿಂದ. ಕಾಕಾ, ಸತೀಶ ಕೂಡ ತಿಂದರು. ಬಿರಡೆ ಬಿಚ್ಚಿದ್ದಾಯಿತು. ಡೆನಿಸ್ ಒಂದು ಗುಟುಕು ಕುಡಿದ. ಅವನ ಮುಖ ಹುಣಸೆಕಾಯಿ ಕಚ್ಚಿದವನ ಹಾಗಾಯಿತು. ಇನ್ನೊಂದು ಗುಟುಕು. "ಕೆಟ್ಟಿದೆ" ಎಂದ, "ವಿನೆಗರ್ ಆಗಿಹೋಗಿದೆ." ಕಾಕಾ ಹೊಯ್ದುಕೊಂಡು ನೋಡಿದರು, ಅವರ ಮುಖವೂ ಹುಳಿ. ಸತೀಶನದೂ ಅಷ್ಟೆ. ಡೆನಿಸ್ ಅಲ್ಲಿದ್ದ ಪೇಂಟ್ ಡಬ್ಬಿಯ ಮೇಲೆ ಕುಸಿದು ಕೂತ. ಅಷ್ಟು ದೊಡ್ಡ ಮನುಷ್ಯ ಹಾಗೆ ಕೂತದ್ದನ್ನು ನೋಡಿ ನನಗೆ ಅಳುವೇ ಬಂತು.

ನಾನು ಬಂದದ್ದು ತಡವಾಗಿತ್ತು, ಪೇಡೆ ಇನ್ನೂ ಬಾಯಿಗೆ ಹಾಕಿರಲಿಲ್ಲ. ಆಫೀಸಿನ ಪಾರ್ಟಿಗಳಲ್ಲಿ ಒಂದೆರಡು ಗುಟುಕು ಕುಡಿಯುವುದನ್ನು ಆ ಹೊತ್ತಿಗೆ ಕಲಿತಿದ್ದೆ, ಬೆಂಗಳೂರಿಗೆ ಹೇಳಿರಲಿಲ್ಲ ಅಷ್ಟೆ. ರುಚಿ ನೋಡಿ, "ಚೆನ್ನಾಗೇ ಇದೆಯಲ್ಲ ಕಾಕಾ? ಹಸಿರು ಸೇಬಿನ ಥರ" ಎಂದೆ.

ಕಾಕಾ ನನ್ನನ್ನು ನೋಡಿದರು. ಪೇಡೆಯ ಡಬ್ಬಿಯನ್ನು ನೋಡಿದರು. ಹೋಗಿ ತೋಟದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಒಂದು ಚೂರು ಬ್ರೆಡ್ಡು ಅಗಿದು, ಮತ್ತೆ ಹೊಯ್ದುಕೊಂಡರು. ಉಗುಳಿದ ಮೇಲೆ ನಗತೊಡಗಿದರು. "ಡೆನಿಸ್, ತಪ್ಪು ನಿನ್ನ ವೈನಿಂದಲ್ಲೋ ಮಾರಾಯಾ. ನಮ್ಮೂರ ಪೇಡೆದ್ದು" ಎಂದು ಮೊದಲು ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನಾಲಿಗೆಯ ಮೇಲೆ ಸಕ್ಕರೆ ಕೂತಿದ್ದರೆ ಸಿಹಿಯಿಲ್ಲದ ವೈನಿನ ಹುಳಿಯೊಂದೇ ಎದ್ದು ನಿಲ್ಲುತ್ತದೆ.

ಬಾಗಿಲಿನ ಆ ಕಡೆಯಿಂದ ಕಾಕೂ, "ಪೇಡೆದ ತಪ್ಪು ಅನಬ್ಯಾಡ್ರಿ. ಪೇಡೆ ತಿಂದಮ್ಯಾಲೆ ಹುಳಿ ಬಾಯಾಗ ಹಾಕ್ಕೊಂಡವರ ತಪ್ಪು" ಎಂದರು.

ಅಂದಿನಿಂದ ಆ ವೈನಿಗೆ ಒಂದು ಜೋಡಿ ಹುಡುಕುವುದೇ ನಮ್ಮ ಶನಿವಾರಗಳ ಕೆಲಸವಾಯಿತು. ಮಿರ್ಚಿ ಭಜಿ ಇಟ್ಟ ದಿನ ಡೆನಿಸ್ ಕಣ್ಣೀರು ಸುರಿಸುತ್ತ ಮನೆಗೆ ಹೋದ. ಖಾರದ ಮೇಲೆ ಗುಳ್ಳೆ ಬಿದ್ದರೆ ಒಲೆಗೆ ಊದುಗೊಳವೆ ಹಿಡಿದ ಹಾಗೆ, ಇನ್ನೂ ಉರಿಯುತ್ತದೆ. ನಾನು ಹೆಮ್ಮೆಯಿಂದ ಮಾಡಿಕೊಂಡು ಹೋದ ಬಿಸಿಬೇಳೆ ಭಾತನ್ನು ಕಾಕಾ ಎರಡು ಸಲ ತಿಂದರು, ಆದರೆ ವೈನಿನ ಜೊತೆ ಬೇಡ ಎಂದರು. "ಭಾಳ ಮಾತಾಡ್ತದ ಇದು. ಬಾಜೂದವರಿಗೆ ಬಾಯಿ ತಗೀಲಿಕ್ಕೇ ಬಿಡಂಗಿಲ್ಲ." ಬೆಣ್ಣೆ ಹಚ್ಚಿದ ಥಾಲಿಪೆಟ್ಟು ಪರವಾಗಿಲ್ಲ ಅನ್ನಿಸಿತು. ಖಾರ ಕಡಿಮೆ ಮಾಡಿದ ಮಂಡಕ್ಕಿ ಗಿರ್ಮಿಟ್ಟು ಇನ್ನೂ ಪರವಾಗಿಲ್ಲ. ಈ ವಿಷಯದಲ್ಲಿ ಕಾಕಾ ಬಹಳ ಕಟ್ಟುನಿಟ್ಟು. ಯಾರಾದರೂ ಗ್ಲಾಸು ಹಿಡಿದ ತಕ್ಷಣ ವರ್ಣನೆಗೆ ಶುರುಮಾಡಿದರೆ ಸಿಡುಕುತ್ತಿದ್ದರು. "ಮೂಗು ಮೊದಲ. ನಾಲಿಗಿ ಆಮ್ಯಾಲ. ಮಾತು ಎಲ್ಲಾದಕ್ಕೂ ಕಡೀಕ."

ಕೊನೆಗೆ ಗೆದ್ದದ್ದು ನಮ್ಮಮ್ಮ ಬೆಂಗಳೂರಿಂದ ಕಳಿಸಿದ ಅರಳು ಸಂಡಿಗೆ. ಕಾಕೂ ಅದನ್ನು ಕರಿದು ಹೊಸ್ತಿಲಿಗೆ ತಂದಿಟ್ಟರು. ಕಾಕಾ ಒಂದನ್ನು ಕರುಕುರು ಅಗಿದು, ಧಾರೆ ಬಿಟ್ಟುಕೊಂಡು, ಉಗುಳಿದರು. ಇನ್ನೊಂದು ತಿಂದರು. ಉಪ್ಪು, ಎಣ್ಣೆ, ಬೂದುಗುಂಬಳದ ಸಣ್ಣ ಕಹಿ. ವೈನಿನ ಹುಳಿ ಎಣ್ಣೆಯನ್ನು ತೊಳೆಯುತ್ತದೆ, ಗುಳ್ಳೆ ನಾಲಿಗೆಯನ್ನು ಒರೆಸುತ್ತದೆ, ಇನ್ನೊಂದು ಸಂಡಿಗೆಗೆ ಬಾಯಿ ತಯಾರು. "ಮಾಲೂ, ನಿಮ್ಮ ಅವ್ವಗ ಫೋನ್ ಹಚ್ಚು" ಎಂದರು. ಹಚ್ಚಿಕೊಟ್ಟೆ. "ನಮಸ್ಕಾರ್ರೀ. ನಿಮ್ಮ ಸಂಡಿಗಿ ಭಾಳ ಛಲೋ ಆಗ್ಯಾವ್ರಿ. ಇಲ್ಲೆ ಒಂದು ಇಂಗ್ಲಿಷ್ ಪಾನಕ ಸಿಗ್ತದ, ಅದರ ಜೋಡಿ ತಿಂದ್ವಿ" ಎಂದು ಗಂಭೀರವಾಗಿ ಹೇಳಿದರು. ಆ ಪಾನಕ ಹೇಗೆ ಮಾಡುತ್ತಾರೆ, ಬೆಲ್ಲವೋ ಸಕ್ಕರೆಯೋ ಎಂದು ಅಮ್ಮ ಎಷ್ಟೋ ವರ್ಷ ನನ್ನನ್ನು ಕೇಳುತ್ತಿದ್ದರು. ಡೆನಿಸನ ದ್ರಾಕ್ಷಿ ತೋಟ ನೋಡಲು ಬಂದವರಿಗೆಲ್ಲ ಬೇಸಿಗೆಯಲ್ಲಿ ಸಂಡಿಗೆ ಸಿಗತೊಡಗಿತು. ಕರಿಯುವುದನ್ನು ಕಾಕೂ ಅವನಿಗೆ ಬೇಲಿಯ ಮೇಲಿಂದಲೇ ಕಲಿಸಿದ್ದರು.

ಹೀಗೆ ಕೆಲವು ವರ್ಷ ಹೋದವು. ಕಾಕಾ ನಿವೃತ್ತರಾದರು. ನಡುವೆ ಯಾವಾಗಲೋ ಅವರು ಹಿಂಗಿನ ಡಬ್ಬಿ ತೆರೆಯುವುದನ್ನು ಬಿಟ್ಟಿದ್ದರು. ನಮ್ಮ ಬಾಗಿಲಲ್ಲಿ ನಿಂತು ಸಾರಿನ ತಪ್ಪು ಹುಡುಕುವುದನ್ನೂ ಬಿಟ್ಟಿದ್ದರು. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡೆ. ಗರಾಜಿನಲ್ಲಿ, "ಮೊದಲ ನೀ ಹೇಳು ಮಾಲೂ, ಏನನಸ್ತದ?" ಎಂದು ನನ್ನನ್ನೇ ಮುಂದೆ ಬಿಡುತ್ತಿದ್ದರು. ನನಗೆ ಅದು ಮರ್ಯಾದೆ ಎನ್ನಿಸಿ ಖುಷಿಯಾಗಿತ್ತು.

ಆ ವರ್ಷ ಡೆನಿಸನ ಮಗಳ ಮದುವೆ. ಅಲ್ಲಿ ಬಡಿಸುವುದು ಅವನದೇ ಹೊಸ ವೈನು. ಮದುವೆಗೆ ಒಂದು ವಾರ ಇರುವಾಗ ಬಾಟಲಿ ಹಿಡಿದು ಬಂದ. ಅವನಿಗೆ ಭಾರಿ ನೆಗಡಿ, ಮೂಗು ಕಟ್ಟಿ ಏನೂ ತಿಳಿಯುತ್ತಿರಲಿಲ್ಲ. "ಡಾಕ್, ಈ ಸಲ ನಿನ್ನ ಮಾತಿನ ಮೇಲೇ ಎಲ್ಲ. ನೀನು ಬೇಡ ಅಂದರೆ ಹಳೆಯದನ್ನು ಬಡಿಸುತ್ತೇನೆ" ಎಂದ. ನನ್ನ ಸರದಿಗೆ ಕಾಯದೆ ಕಾಕಾ ಹೊಯ್ದುಕೊಂಡರು, ಆಡಿಸಿದರು, ಉಗುಳಿದರು. "ಛಲೋ ಅದ, ಡೆನಿಸ್. ವೆರಿ ಗುಡ್ ಇಯರ್" ಎಂದರು.

ನಾನು ಗ್ಲಾಸನ್ನು ಮೂಗಿನ ಹತ್ತಿರ ತಂದೆ. ನೀರು ನುಗ್ಗಿದ ಗೋದಾಮಿನ ವಾಸನೆ. ಸತೀಶನ ಮುಖ ನೋಡಿದೆ, ಅವನು ನೆಲ ನೋಡುತ್ತಿದ್ದ. ಡೆನಿಸ್ ಸಮಾಧಾನದಿಂದ ನಿಟ್ಟುಸಿರು ಬಿಟ್ಟು ಕಾಕಾನ ಬೆನ್ನು ತಟ್ಟುತ್ತಿದ್ದ. ಹೇಳಿದರೆ ಅವನೆದುರಿಗೆ ಕಾಕಾನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮದುವೆಯ ಮನೆಯಲ್ಲಿ ಅವನ ಮರ್ಯಾದೆ ಹೋಗುತ್ತದೆ. ಗ್ಲಾಸನ್ನು ಇನ್ನೊಮ್ಮೆ ಮೂಸಿದೆ.

ಅಷ್ಟರಲ್ಲಿ ಕಾಕೂ ಸಂಡಿಗೆಯ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದರು. ಬಂದವರು ಅಲ್ಲೇ ನಿಂತು ಮುಖ ಕಿವುಚಿದರು. "ಏನ್ರೀ ಇದು, ನೆನೆದ ಗೋಣಿಚೀಲದ ವಾಸನಿ? ಎಲ್ಲಿಂದ ಬರಲಿಕ್ಕತ್ತದ?"

ಕಾಕೂ ಗಂಡನ ಕೈಯಲ್ಲಿದ್ದ ಗ್ಲಾಸನ್ನೂ, ಗಂಡನ ಮುಖವನ್ನೂ ನೋಡಿದರು. ದನಿ ತಗ್ಗಿತು. "ನಿಮಗ ವಾಸನಿ ಬರವಲ್ದೇನ್ರೀ?"

ಕಾಕಾ ಗ್ಲಾಸನ್ನು ಕೆಳಗಿಟ್ಟು, ಇನ್ನೊಂದು ಬಾಟಲಿ ತೆರೆ ಎಂದು ಡೆನಿಸನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ಮನೆಗೆ ಹೋಗಿ ಇನ್ನೊಂದು ತಂದು ತೆರೆದ. ಕಾಕಾ ಹೊಸ ಗ್ಲಾಸಿಗೆ ಸ್ವಲ್ಪ ಹಾಕಿ, ತಾವು ನೋಡದೆ, ಹೊಸ್ತಿಲಿನಾಚೆ ಕೈ ಚಾಚಿ ಹೆಂಡತಿಗೆ ಕೊಟ್ಟರು. ಕಾಕೂ ಅಂಥ ಗ್ಲಾಸನ್ನು ಹುಟ್ಟಿದ ಮೇಲೆ ಹಿಡಿದವರಲ್ಲ. ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ ದೂರ ಹಿಡಿದು, ಆಮೇಲೆ ಮೆಲ್ಲಗೆ ಮೂಗಿನ ಹತ್ತಿರ ತಂದರು.

"ಇದು ಬ್ಯಾರೆ ಅದ. ಇದರಾಗ ಗೋಣಿಚೀಲ ಇಲ್ಲ" ಎಂದರು. "ಹಸೀ ಸೇಬು ಹೆಚ್ಚಿದಂಗ ಅದ. ಅದರ ಹಿಂದ ಹಿಟ್ಟು ಉಬ್ಬಿದ ವಾಸನಿ, ದ್ವಾಸಿ ಹಿಟ್ಟು ಮರುದಿನ ಮುಂಜಾನೆ ಇರ್ತದಲ್ಲ, ಹಂಗ."

ಕಾಕಾ ಒಂದೊಂದೇ ಮಾತನ್ನು ಇಂಗ್ಲಿಷ್ ಮಾಡಿ ಡೆನಿಸನಿಗೆ ಹೇಳಿದರು. ಅಷ್ಟೂ ಆ ವೈನಿನಲ್ಲಿ ಇರಬೇಕಾದ ವಾಸನೆಗಳೇ. ಕೆಟ್ಟದ್ದು ಮೊದಲ ಬಾಟಲಿಯ ಬಿರಡೆ ಮಾತ್ರ, ವೈನಲ್ಲ. ಒಮ್ಮೊಮ್ಮೆ ಬಿರಡೆಗೆ ಬೂಷ್ಟು ಸೋಕಿದರೆ ಹಾಗಾಗುತ್ತದಂತೆ. ಡೆನಿಸನಿಗೆ ಎಲ್ಲವೂ ಅರ್ಥವಾಗಿತ್ತು. ಕಾಕಾನ ಹೆಗಲ ಮೇಲೆ ಕೈಯಿಟ್ಟು, ಥ್ಯಾಂಕ್ಸ್ ಡಾಕ್ ಎಂದಷ್ಟೇ ಹೇಳಿ ಹೋದ.

"ಎರಡು ವರ್ಷ ಆತು" ಎಂದರು ಕಾಕಾ, ಅವನು ಹೋದ ಮೇಲೆ.

"ಯಾಕೆ ಹೇಳಲಿಲ್ಲ ಕಾಕಾ? ನೆಗಡಿಯಿಂದಲೂ ಹೀಗಾಗತ್ತಂತೆ. ಜಿಪಿ ಡಾಕ್ಟರಿಗೆ ತೋರಿಸಬಹುದಿತ್ತಲ್ಲ?" ಎಂದೆ.

"ನಾನೂ ಡಾಕ್ಟರ ಇದ್ದೀನವಾ. ಕೆಲವರಿಗೆ ಮೂಗು ಮೊದಲ ಹೋಗ್ತದ, ಕೈ ಆಮ್ಯಾಲ. ಎಲ್ಲಾರಿಗೂ ಹಂಗs ಆಗಬೇಕಂತಿಲ್ಲ. ಆದ್ರ ಬರೂದ್ರೊಳಗs ಅದರ ಹೆಸರು ಹಿಡಿದು ಯಾಕ ಕರೀಬೇಕು ಅಂತ ಸುಮ್ಮನಿದ್ದೆ." ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು. ಅಂದು ಅದು ನಡುಗುತ್ತಿರಲಿಲ್ಲ.

ಕಾಕೂ ಹೊಸ್ತಿಲಲ್ಲೇ ನಿಂತಿದ್ದರು. ಕೋಪವೋ ದುಃಖವೋ ನನಗೆ ತಿಳಿಯಲಿಲ್ಲ. "ಹಂಗಾರ ಎರಡು ವರ್ಷ ನನ್ನ ಸಾರು ಘಮ್ ಅಂತದ ಅಂದಿದ್ದೆಲ್ಲಾ ಸುಳ್ಳೇನು?"

"ಸುಳ್ಳಲ್ಲ ಕುಸುಮಾ. ನೆನಪಿನ ಮ್ಯಾಲೆ ಅಂದೆ."

ಕಾಕೂ ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆಯತೊಡಗಿದರು. ಪಾತ್ರೆಗಳೆಲ್ಲ ಆಗಲೇ ತೊಳೆದಿದ್ದವು.

ಮುಂದಿನ ವಸಂತಕ್ಕೆ ಹೊಸ್ತಿಲಿನ ಒಳಬದಿಯಲ್ಲಿ ಒಂದು ಕುರ್ಚಿ ಬಂದಿತ್ತು. ಕಾಕೂ ಅಲ್ಲಿ ಕೂತು, ಗರಾಜಿನಿಂದ ಚಾಚಿದ ಗ್ಲಾಸನ್ನು ಮೂಸಿ, ಇದರಲ್ಲಿ ಇಂಥದ್ದಿದೆ ಎಂದು ಹೇಳುವರು. ನಾಲಿಗೆಯ ಕೆಲಸ ಕಾಕಾನದು, ಹುಳಿ ಎಷ್ಟು, ಗುಳ್ಳೆ ಒರಟೋ ನಯವೋ, ಉಪ್ಪು ಬೇಕೋ ಬೆಣ್ಣೆ ಬೇಕೋ. ಒಬ್ಬರು ರುಚಿ ನೋಡುವವರಲ್ಲ, ಒಬ್ಬರು ನುಂಗುವವರಲ್ಲ, ಇಬ್ಬರೂ ಸೇರಿ ತೀರ್ಪು ಕೊಡುತ್ತಿದ್ದರು. ಅವರು ಹಾಗೆ ಎದುರುಬದುರು ಕೂತು ಜಗಳವಾಡುವುದನ್ನು ನೋಡುವುದು ನನಗೆ ಬಹಳ ಇಷ್ಟವಾಗಿತ್ತು. "ಲಿಂಬಿ ಅಲ್ಲ, ಮಾದಲಕಾಯಿ" ಎಂದು ಕಾಕೂ ಹಟ ಹಿಡಿದರೆ, ಮಾದಲಕಾಯಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಕಾಕಾ ಒದ್ದಾಡುತ್ತಿದ್ದರು.

ಆಮೇಲೆ ನಾವು ಎಜ್‌ವೇರ್‌ನಲ್ಲಿ ಮನೆ ಕೊಂಡು ಹೋದೆವು. ದೂರವೇನಲ್ಲ, ಆದರೂ ಪ್ರತಿ ಶನಿವಾರ ಆಗುತ್ತಿರಲಿಲ್ಲ. ಹೋದಾಗಲೆಲ್ಲ ಕಾಕಾ ಹೇಳಿದ್ದ ಆ ಎರಡನೆಯದು, ಕೈಯ ನಡುಕ, ಸ್ವಲ್ಪ ಸ್ವಲ್ಪವಾಗಿ ಬಂದಿರುವುದು ಕಾಣುತ್ತಿತ್ತು. ಮೊದಲು ಹೆಬ್ಬೆರಳು, ಆಮೇಲೆ ಮುಂಗೈ. ನೀರಿನ ಧಾರೆ ಗದ್ದಕ್ಕೆ ಬೀಳುತ್ತಿತ್ತು, ಕಾಲರಿಗೆ ಬೀಳುತ್ತಿತ್ತು. ಕೊರಳಿಗೆ ಟವೆಲ್ ಕಟ್ಟಿಕೊಂಡು, "ಅಭಿಷೇಕ ನಡದದ ನೋಡು" ಎಂದು ನಗಿಸುತ್ತಿದ್ದರು. ಆಸ್ಪತ್ರೆಯವರು ಮೂತಿಯಿರುವ ಪ್ಲಾಸ್ಟಿಕ್ ಲೋಟ ಕೊಟ್ಟರೆ ಮುಟ್ಟಲಿಲ್ಲ. ಕಾಕೂ ಚಮಚದಲ್ಲಿ ನೀರು ಹನಿಸುತ್ತಿದ್ದರು, ಮಜ್ಜಿಗೆ ಹನಿಸುತ್ತಿದ್ದರು. ಊಟಕ್ಕಿಂತ ನೀರು ಕುಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಅವರು ವೈನಿನ ಗ್ಲಾಸು ಹಿಡಿದದ್ದನ್ನು ನಾನು ಕಡೆಯ ಸಲ ನೋಡಿದ್ದು ಒಂದು ವಸಂತದಲ್ಲಿ, ಅವರು ಹೋದದ್ದು ಅದೇ ವರ್ಷದ ಚಳಿಗಾಲದಲ್ಲಿ. ಮಂಚವನ್ನು ಕೆಳಗಿನ ಕೋಣೆಗೆ ಇಳಿಸಿದ್ದರು. ಡೆನಿಸ್ ಕೋಲೂರಿಕೊಂಡು, ಹೊಸ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗರಾಜಿನ ಬಾಗಿಲಲ್ಲಿ ಬಂದು ನಿಂತ. ಕಾಕಾ ಗರಾಜಿಗೆ ಬರುವ ಹಾಗಿರಲಿಲ್ಲ. ಡೆನಿಸನಿಗೆ ಮನೆಯ ನಿಯಮ ಗೊತ್ತು, ನನ್ನನ್ನು ನೋಡಿದ. ನಾನು ಕಾಕೂವನ್ನು ನೋಡಿದೆ.

ಕಾಕೂ ಒಂದು ಶುಭ್ರವಾದ ಟವೆಲ್ ತಂದು ದೇವರ ಗೂಡಿಗೆ ಅಡ್ಡ ಹಾಕಿದರು. "ಒಂದು ಗಳಿಗಿ ಕಣ್ಣು ಮುಚ್ಚಿಕೊಂಡ್ರ ದೇವರಿಗೇನಾಗಂಗಿಲ್ಲ. ಒಳಗ ಬಾ ಅನ್ನು ಅವಗ" ಎಂದರು.

ಡೆನಿಸ್ ಅಡುಗೆಮನೆಯನ್ನು ಹಾದು ಬಂದು ಮಂಚದ ಪಕ್ಕ ಕೂತು, ಸದ್ದಾಗದ ಹಾಗೆ ಬಿರಡೆ ತೆಗೆದ. ಪೀಕದಾನಿ ಹಿಡಿಯುವ ಕೆಲಸ ನನ್ನದಾಯಿತು. ಕಾಕೂ ಗ್ಲಾಸು ಇಸಿದುಕೊಂಡು ಮೂಸಿದರು. ಈ ಸಲ ದೂರ ಹಿಡಿಯಲಿಲ್ಲ.

"ಏನಂತದ?" ಎಂದರು ಕಾಕಾ. ದನಿ ಬಹಳ ಸಣ್ಣದಾಗಿತ್ತು.

ಕಾಕೂ ಇನ್ನೊಮ್ಮೆ ಮೂಸಿದರು. "ಅತ್ತಿಯವರು ಲಿಂಬಿಕಾಯಿ ಉಪ್ಪಿನಕಾಯಿ ಹಾಕಿ ಬರಣಿ ಬಾಯಿಗೆ ಅರಿವಿ ಕಟ್ಟಿಡತಿದ್ರಲ್ಲ, ಅದನ್ನ ಮೊದಲನೇ ಸಲ ಬಿಚ್ಚಿದಾಗ ಹೆಂಗ ಬರತಿತ್ತು, ಹಂಗ ಅದ" ಎಂದರು.

ಅವತ್ತು ಹೊರಡುವ ಮೊದಲು ನಾನೂ ಆ ವೈನು ಮೂಸಿ ನೋಡಿದೆ. ಹಸಿರು ಸೇಬಿತ್ತು, ಹಿಟ್ಟು ಉಬ್ಬಿದ ವಾಸನೆಯಿತ್ತು. ಉಪ್ಪಿನಕಾಯಿ ನನಗೆ ಸಿಗಲಿಲ್ಲ.

ಕಾಕಾ ಕಣ್ಣು ಮುಚ್ಚಿಕೊಂಡು, ಆ ಮಾತನ್ನು ಕೇಳಿಸಿಕೊಂಡು, ಗ್ಲಾಸಿಗೆ ಕೈ ಚಾಚಿದರು. ಹಣೆಯ ಮಟ್ಟಕ್ಕೆ ಎತ್ತಲು ನೋಡಿದರು. ಕೈ ನಡುಗಿ ವೈನು ಹೊದಿಕೆಯ ಮೇಲೆ ಚೆಲ್ಲಿತು. ಇನ್ನೊಮ್ಮೆ ಎತ್ತಿದರು, ಮತ್ತೆ ಚೆಲ್ಲಿತು. ನಾನು ಚಮಚಕ್ಕೆಂದು ಏಳುವಷ್ಟರಲ್ಲಿ ಕಾಕೂ ಗ್ಲಾಸನ್ನು ತೆಗೆದುಕೊಂಡು, ಎಡಗೈಯಿಂದ ಅವರ ಗದ್ದ ಹಿಡಿದು, ಅಂಚನ್ನು ತುಟಿಗೆ ತಾಗಿಸಿದರು. ಕಾಕಾ ಅಡ್ಡಿ ಮಾಡಲಿಲ್ಲ. ಉಳಿದಿದ್ದ ಒಂದು ಗುಟುಕು ಬಾಯೊಳಗೆ ಹೋಯಿತು. ಕೆನ್ನೆಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದರು. ನಾನು ಪೀಕದಾನಿಯನ್ನು ಮುಂದೆ ಹಿಡಿದೆ.

ಅವರು ಬೇಡವೆಂದು ತಲೆಯಾಡಿಸಿ, ನುಂಗಿದರು.

"ಅವ್ವಗ ಏನ ಹೇಳ್ತೀರಿ?" ಎಂದರು ಕಾಕೂ.

"ನಾನs ಹೋಗಿ ಹೇಳ್ತೀನಿ ತಗೋ" ಎಂದರು ಕಾಕಾ.

ಕಾಕೂ ಸೆರಗಿನಿಂದ ಅವರ ಗದ್ದ ಒರೆಸಿದರು. ಗ್ಲಾಸನ್ನು ಅಡುಗೆಮನೆಗೆ ಒಯ್ದು, ತೊಳೆದು, ಸ್ಟೀಲ್ ಲೋಟಗಳ ಸಾಲಿನಲ್ಲೇ ಬೋರಲು ಹಾಕಿದರು.